ಊರು ಬಿಟ್ಟ ಗಣಿಗಾರರ ತಂಡ

ಉಕ್ರೇನಿನ ಫುಟ್ಬಾಲ್ ಕ್ಲಬ್ ಶಾಖ್ತಾರ್‌ನ ಹೆಸರಿಗೆ ಗಣಿಯಲ್ಲಿ ದುಡಿಯುವವನು ಎಂದರ್ಥ. 1936ರಲ್ಲಿ ದೊನೆತ್ಸ್ಕ್‌ನ ಕಲ್ಲಿದ್ದಲ ಸೀಮೆಯಲ್ಲಿ ಹುಟ್ಟಿದಾಗ ಕ್ಲಬ್ಬಿನ ಹೆಸರು ಸ್ತಖಾನೊವೆತ್ಸ್. ಒಂದೇ ಪಾಳಿಯಲ್ಲಿ 102 ಟನ್ ಕಲ್ಲಿದ್ದಲು ಅಗೆದನೆಂದು ಸೋವಿಯತ್ ಸರ್ಕಾರ ಡಂಗುರ ಸಾರಿದ್ದ ಸ್ತಖಾನೊವ್‌ನ ಹೆಸರದು. ಆ ಲೆಕ್ಕವನ್ನು ಪೂರ್ತಿ ನಂಬುವವರು ಈಗ ಕಡಿಮೆ.

ಸೋವಿಯತ್ ಲೀಗ್ ಒಮ್ಮೆಯೂ ದಕ್ಕಲಿಲ್ಲ. ಕಪ್ ಮಾತ್ರ ನಾಲ್ಕು ಸಲ. 1995ರಲ್ಲಿ ಅಧ್ಯಕ್ಷ ಅಖಾತ್ ಬ್ರಾಗಿನ್ ಕ್ರೀಡಾಂಗಣದಲ್ಲೇ ಬಾಂಬಿಗೆ ಬಲಿಯಾದರು. ಮರುವರ್ಷ ಬಂದ ಉದ್ಯಮಿ ರಿನಾತ್ ಅಖ್ಮೆತೊವ್ ಹಣ ಸುರಿದರು. 2004ರಲ್ಲಿ ಬಂದ ರೊಮೇನಿಯಾದ ಕೋಚ್ ಮಿರ್ಚಾ ಲುಚೆಸ್ಕು ಅವರದು ಸರಳ ಸೂತ್ರ: ಹಿಂದೆ ಗಟ್ಟಿ ರಕ್ಷಣೆ, ಮುಂದೆ ಎಳೆಯ ಬ್ರೆಜಿಲಿಯನ್ನರು.

ಅದರ ಫಲ 2009ರ ಯುಇಎಫ್‌ಎ ಕಪ್ (ಯುರೋಪಿನ ಕ್ಲಬ್ಬುಗಳ ಟೂರ್ನಿ) ಫೈನಲ್. ಇಸ್ತಾಂಬುಲ್‌ನಲ್ಲಿ ಜರ್ಮನಿಯ ವೆರ್ಡರ್ ಬ್ರೆಮೆನ್ ಎದುರು 1-1. ಹೆಚ್ಚುವರಿ ಸಮಯದ 97ನೇ ನಿಮಿಷ, ಬಲಗಡೆಯಿಂದ ನಾಯಕ ಸ್ರ್ನಾ ಪಾಸ್, ಬ್ರೆಜಿಲಿಯನ್ ಜಾಡ್ಸನ್ ಒದೆತ. ಗೋಲಿಯ ಕೈಗೆ ತಗುಲಿಯೂ ಚೆಂಡು ಒಳಗೆ ಜಾರಿತು.

ಅದೇ ವರ್ಷ ದೊನೆತ್ಸ್ಕ್‌ನಲ್ಲಿ ತೆರೆದ ಕ್ಲಬ್ಬಿನ ಕ್ರೀಡಾಂಗಣ ದೊನ್ಬಾಸ್ ಅರೆನಾ ಐದೇ ವರ್ಷ ದಕ್ಕಿತು. 2014ರಲ್ಲಿ ಯುದ್ಧ ಬಂತು. ‘ತವರಿನ’ ಪಂದ್ಯಗಳು ಲ್ವಿವ್, ಖಾರ್ಕಿವ್, ಕೀವ್‌ಗೆ ಹೋದವು. 2022ರ ರಷ್ಯಾ ದಾಳಿಯ ಬಳಿಕ ಯುರೋಪಿನ ಪಂದ್ಯಗಳಿಗೆ ದೇಶವೇ ದಾಟಬೇಕಾಯಿತು: ವಾರ್ಸಾ, ಹ್ಯಾಂಬರ್ಗ್, ಗೆಲ್ಸೆನ್‌ಕಿರ್ಶೆನ್. ವಿದೇಶಿ ಆಟಗಾರರು ಒಪ್ಪಂದ ತಡೆಹಿಡಿದು ಬೇರೆಡೆ ಆಡಬಹುದೆಂದು ಫಿಫಾ ಹೇಳಿದ್ದರಿಂದ ಮಾರಾಟದ ಹಣವೂ ಕೈತಪ್ಪಿತು. ಬ್ರೆಜಿಲಿಯನ್ನರನ್ನು ಬೆಳೆಸಿ ಮಾರಿಯೇ ಬದುಕುತ್ತಿದ್ದ ಕ್ಲಬ್ಬಿಗೆ ಅದು ಬುಡಕ್ಕೇ ಬಿದ್ದ ಏಟು.