ಐವತ್ತು ಕೀವರ್ಡ್, ಒಂದು ಮಿಲ್ಲು

ಆಷಾಢ ಬಂತು ಅಂದ್ರೆ ಮದುವೆ ಫೋಟೋ ತೆಗೆಯೋರಿಗೆ ರಜೆ. ಕ್ಯಾಮೆರಾ ಬ್ಯಾಗಿನಲ್ಲಿ, ನಾವು ಕಟ್ಟೆ ಮೇಲೆ. ಅಂಥ ಖಾಲಿ ದಿನಗಳಲ್ಲೇ ನಾನು ಸ್ಟಾಕ್ ಸೈಟುಗಳಿಗೆ ಫೋಟೋ, ವಿಡಿಯೋ ಹಾಕೋದು ಕಲಿತೆ. ಜಗತ್ತಿನ ಯಾವುದೋ ಮೂಲೆಯವರು ಡೌನ್‌ಲೋಡ್ ಮಾಡ್ಕೊಂಡ್ರೆ ನಮಗೆ ಪುಡಿಗಾಸು. ನನ್ನ ಖಾತೆಯಲ್ಲಿ ಜಾಸ್ತಿ ಇರೋದು ತಟ್ಟೆ, ಲೋಟ, ಮಾವಿನ ತೋರಣ, ಅರಿಶಿನದ ಕೈ. ಮದುವೆ ಮನೆಯ ಸಾಮಾನು ಅಷ್ಟೇ.

ಹೋದ ವರ್ಷ ಬೆಂಗಳೂರಿನಲ್ಲಿ ಎಡಿಟಿಂಗ್ ಮಾಡೋ ಗೆಳೆಯ ಫೋನ್ ಮಾಡಿದ. ಜವಳಿ ಬಗ್ಗೆ ಏನೋ ಒಂದು ವಿಡಿಯೋ ಅಂತೆ, ಅದರಲ್ಲಿ ಎಂಟು ಸೆಕೆಂಡ್ ದಾವಣಗೆರೆಯ ಹಳೇ ಕಾಟನ್ ಮಿಲ್ ಬೇಕಂತೆ. "ಕರ್ನಾಟಕದ ಮ್ಯಾಂಚೆಸ್ಟರ್ ಅಂತ ವಾಯ್ಸ್ ಬರುತ್ತೆ ಕಣೋ, ಆಗ ಒಂದು ಚಿಮಣಿ ಕಂಡ್ರೆ ಸಾಕು." ಮ್ಯಾಂಚೆಸ್ಟರ್ ಅಂದ್ರೆ ಇಂಗ್ಲೆಂಡಿನ ಹತ್ತಿ ಮಿಲ್ಲುಗಳ ಊರು, ಆ ಹೆಸರು ನಮ್ಮೂರಿಗೂ ಅಂಟಿದೆ. ನನ್ನ ಹತ್ರ ಇರಲಿಲ್ಲ. ಹುಟ್ಟಿದ್ದು ಇಲ್ಲೇ, ಬೆಳೆದಿದ್ದು ಇಲ್ಲೇ, ಮಿಲ್ ಗೋಡೆ ಪಕ್ಕದಲ್ಲೇ ಕ್ರಿಕೆಟ್ ಆಡಿದ್ದು. ಆದ್ರೂ ಒಂದು ಫೋಟೋ ಇಲ್ಲ.

ಸ್ಟಾಕ್ ಸೈಟಲ್ಲಿ ಹುಡುಕಿದೆ. ದಾವಣಗೆರೆ ಅಂತ ಹೊಡೆದ್ರೆ ಬೆಣ್ಣೆದೋಸೆ, ಬೆಣ್ಣೆದೋಸೆ, ಆಮೇಲೆ ಗಾಜಿನ ಮನೆ, ಮತ್ತೆ ಬೆಣ್ಣೆದೋಸೆ. ಹಳೇ ಬಟ್ಟೆ ಮಿಲ್ಲು ಅಂತ ಹೊಡೆದ್ರೆ ಪುಟಗಟ್ಟಲೆ ಕೆಂಪು ಇಟ್ಟಿಗೆ ಕಟ್ಟಡಗಳು, ಎಲ್ಲಾ ಇಂಗ್ಲೆಂಡು, ಅಮೆರಿಕದವು. ಜರ್ಮನಿಯವರದ್ದು ಇನ್ನೊಂದು ಕಥೆ. ಎಸ್ಸೆನ್ ಊರಿನ ಝೋಲ್‌ವೆರೈನ್ ಕಲ್ಲಿದ್ದಲು ಗಣಿ 1986ರಲ್ಲಿ ಮುಚ್ಚಿತು, 2001ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಅದರದ್ದು ಹಗಲು, ರಾತ್ರಿ, ಮಂಜು, ಡ್ರೋನ್, ಎಲ್ಲಾ ಕೋನದ ಚಿತ್ರ ಸಿಗುತ್ತೆ. ನಮ್ಮ ಮಿಲ್ಲುಗಳು ಒಂದೊಂದಾಗಿ ಮುಚ್ಚಿದ್ದೂ ಹೆಚ್ಚು ಕಡಿಮೆ ಅದೇ ಕಾಲದಲ್ಲಿ. ಇಲ್ಲಿ ಲೇಔಟ್ ಆದವು.

ಕೊನೆಗೆ ಗೆಳೆಯ ವಿದೇಶದ್ದೇ ಒಂದು ಕ್ಲಿಪ್ ಹಾಕಿದ. ಛಾವಣಿ ಮೇಲೆ ಹಿಮ ಇತ್ತಂತೆ. "ಕಾಣದ ಹಾಗೆ ಕ್ರಾಪ್ ಮಾಡಿದ್ದೀನಿ ಬಿಡು" ಅಂದ. ದಾವಣಗೆರೆಯಲ್ಲಿ ಹಿಮ! ನನಗೆ ನಗುವೂ ಬಂತು, ಸ್ವಲ್ಪ ಉರಿದೂ ಹೋಯ್ತು. ನಾನೇ ತೆಗೀತೀನಿ ಅಂತ ಹೊರಟೆ.

ನಮ್ಮ ಎದುರು ಮನೆ ಅಜ್ಜ ಮಿಲ್ಲಿನಲ್ಲಿ ಇಪ್ಪತ್ತು ವರ್ಷದ ಮೇಲೆ ದುಡಿದವರು, ನೂಲು ತೆಗೆಯೋ ರಿಂಗ್ ಫ್ರೇಮ್ ಯಂತ್ರಗಳ ವಿಭಾಗದಲ್ಲಿ. ಜೊತೆಗೆ ಬನ್ನಿ ಅಂದೆ. "ಅಲ್ಲೇನೈತಿ ತಮ್ಮಾ, ಹಾವು ಅದಾವು" ಅಂದ್ರು. ಆದ್ರೆ ಬೆಳಿಗ್ಗೆ ನಾನು ಏಳೋ ಹೊತ್ತಿಗೆ ಇಸ್ತ್ರಿ ಮಾಡಿದ ಅಂಗಿ ಹಾಕ್ಕೊಂಡು ಬಾಗಿಲಲ್ಲಿ ನಿಂತಿದ್ದರು.

ಮಿಲ್ಲಿನ ಹೆಸರು ಬೇಡ. ಅರ್ಧ ಜಾಗ ಸೈಟಾಗಿದೆ, ಉಳಿದಿರೋದು ಒಂದು ಶೆಡ್ಡು, ಅರ್ಧ ಚಿಮಣಿ, ಅದರ ಮೇಲೆ ಒಂದು ಅರಳಿ ಗಿಡ. ವಾಚ್‌ಮನ್ ಮೊದಲು ಬಿಡಲ್ಲ ಅಂದ. ಅಜ್ಜ ಅವನ ಅಪ್ಪನ ಹೆಸರು ಕೇಳಿದರು, ಯಾವ ಪಾಳಿಯಲ್ಲಿ ಇದ್ದ ಅಂತ ಹೇಳಿದರು, ಅಲ್ಲಿಗೆ ಮಾತು ಮುಗೀತು. ಅಜ್ಜ ಒಳಗೆ ಬರೋಕೆ ಮಾತ್ರ ತಡ ಮಾಡಿದರು. ಗೇಟಿಂದು ಫೋಟೋ ತೆಗಿ, ಗೇಟಿಂದು ತೆಗಿ ಅಂತ ಒಂದೇ ಸಮ. ಅವರಿಗೆ ಮಿಲ್ಲು ಅಂದ್ರೆ ಗೇಟು. ಮುಷ್ಕರ ಅಲ್ಲೇ, ಬೋನಸ್ ಮಾತು ಅಲ್ಲೇ, ಕೆಂಬಾವುಟ ಅಲ್ಲೇ. ಪಂಪಾಪತಿಯವರನ್ನು ಈ ಊರು 1978, 1983, 1985ರಲ್ಲಿ ಮೂರು ಸಲ ಸಿ.ಪಿ.ಐ.ಯಿಂದ ಶಾಸಕರನ್ನಾಗಿ ಗೆಲ್ಲಿಸಿತ್ತಲ್ಲ, ಅದಕ್ಕೆ ಮಿಲ್ ಕೆಲಸಗಾರರೇ ಬೆನ್ನೆಲುಬು. ನಾನು ಗೇಟಿನ ಫೋಟೋ ತೆಗೆದೆ. ಆದ್ರೆ ಲೇಔಟಿನ ಬೋರ್ಡು ಬರದ ಹಾಗೆ ಪಕ್ಕಕ್ಕೆ ಸರಿದು ತೆಗೆದೆ. ಅಜ್ಜ ಅದನ್ನು ನೋಡಿದರು, ಏನೂ ಅನ್ನಲಿಲ್ಲ. ಹಿಮ ಕ್ರಾಪ್ ಮಾಡಿದ ಗೆಳೆಯನ ನೆನಪು ಬಂದಿದ್ದು ಮನೆಗೆ ಹೋದ ಮೇಲೆ.

ಒಳಗೆ ಯಂತ್ರ ಒಂದೂ ಇಲ್ಲ, ಎಲ್ಲಾ ಗುಜರಿಗೆ ಹೋಗಿದೆ. ನೆಲದ ಮೇಲೆ ಸಾಲಾಗಿ ಬೋಲ್ಟಿನ ತೂತುಗಳು ಮಾತ್ರ. ಅಜ್ಜ ಒಂದು ಸಾಲು ಹಿಡಿದು ನಿಧಾನಕ್ಕೆ ನಡೆದರು, ಎರಡೂ ಕಡೆ ಏನೋ ಇರೋ ಹಾಗೆ ಮೈ ಸ್ವಲ್ಪ ಓರೆ ಮಾಡಿಕೊಂಡು. "ಇಲ್ಲಿ ನನ್ನ ಫ್ರೇಮು." ಎಡಕ್ಕೆ ಕೈ ಚಾಚಿ, ಹೆಬ್ಬೆರಳು ತೋರುಬೆರಳು ಸೇರಿಸಿ ಹೊಸೆದು ಬಿಟ್ಟರು. ಎಳೆ ಕಡಿದರೆ ಕೂಡಿಸೋದು ಹಾಗಂತೆ. ಫ್ರೇಮು ಓಡ್ತಾ ಇರಬೇಕಾದ್ರೇ ಮಾಡ್ಬೇಕು, ಗಂಟು ಹಾಕಂಗಿಲ್ಲ, ಹತ್ತಿಗೆ ಹತ್ತಿ ತಾನೇ ಹತ್ತಿಕೊಳ್ಳುತ್ತೆ.

ಈಗ ಬೆಳಕಿನ ವಿಷಯ, ಇದನ್ನ ಹೇಳಲೇಬೇಕು. ಆ ಶೆಡ್ಡಿನ ಛಾವಣಿ ಗರಗಸದ ಹಲ್ಲಿನ ಥರ ಇದೆ. ಪ್ರತಿ ಹಲ್ಲಿನ ನೆಟ್ಟನೆ ಮುಖಕ್ಕೆ ಗಾಜು, ಗಾಜೆಲ್ಲ ಉತ್ತರಕ್ಕೆ. ಇಂಗ್ಲೆಂಡಿನ ಮಿಲ್ಲುಗಳ ಲೆಕ್ಕ ಅದು. ಅಲ್ಲಿ ನಡುಹಗಲ ಸೂರ್ಯ ವರ್ಷವಿಡೀ ದಕ್ಷಿಣಕ್ಕೇ ಇರ್ತಾನೆ, ಹಾಗಾಗಿ ಉತ್ತರದ ಗಾಜಿನಿಂದ ಬಿಸಿಲು ಬರಲ್ಲ, ಬರೀ ತಣ್ಣನೆ ಬೆಳಕು. ಆದ್ರೆ ದಾವಣಗೆರೆ ಹದಿನಾಲ್ಕೂವರೆ ಡಿಗ್ರಿ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದ ತನಕ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿ ದಾಟಿ ಉತ್ತರಕ್ಕೆ ವಾಲಿರ್ತಾನೆ. ಹನ್ನೆರಡೂವರೆ ಹೊತ್ತಿಗೆ ಮೋಡ ಸರಿಯಿತು ನೋಡಿ, ಒಡೆದ ಗಾಜುಗಳಿಂದ ಗೇಣಗಲದ ಬಿಸಿಲಿನ ಪಟ್ಟಿ ನೆಟ್ಟಗೆ ನೆಲಕ್ಕೆ ಇಳಿಯಿತು, ಒಂದಲ್ಲ, ಒಂದರ ಹಿಂದೆ ಒಂದು ಏಳು ಪಟ್ಟಿ, ಅದರೊಳಗೆ ಧೂಳು. ನಾನು ಉಸಿರು ಬಿಗಿಹಿಡಿದು ಫೋರ್ ಕೆ ಕ್ಲಿಪ್ ಮಾಡ್ತಾ ಇದ್ರೆ ಹಿಂದಿನಿಂದ ಅಜ್ಜ, "ಇದಾ? ಈ ಬಿಸಿಲು ಬರಬಾರದು ಅಂತ ಗಾಜಿಗೆ ಸುಣ್ಣ ಬಳೀತಿದ್ವಿ. ಗಾಳಿ ಒಣಗಿದ್ರೆ ಎಳಿ ಪಟಪಟ ಕಡೀತಿದ್ವು" ಅಂದ್ರು. ನೂಲಿಗೆ ತೇವ ಬೇಕು. ಮ್ಯಾಂಚೆಸ್ಟರಿನ ಸುತ್ತಮುತ್ತ ಅದು ಗಾಳಿಯಲ್ಲೇ ಪುಕ್ಕಟೆ ಸಿಗ್ತಿತ್ತು, ಇಲ್ಲಿ ಯಂತ್ರ ಇಟ್ಟು ಒಳಗೆ ನೀರು ಸಿಂಪಡಿಸಬೇಕಿತ್ತು. ಬಿಸಿಲೂ ಬೇರೆ, ಗಾಳಿಯೂ ಬೇರೆ. ಹೆಸರು ಮಾತ್ರ ಅದೇ. ನನ್ನ ಕಣ್ಣಿಗೆ ಚಂದ ಕಂಡಿದ್ದು ಅವರಿಗೆ ಪಾಳಿಯ ಪೀಕಲಾಟ.

ಆ ಕ್ಲಿಪ್ಪಿನಲ್ಲಿ ಅಜ್ಜನ ಮಾತು ರೆಕಾರ್ಡ್ ಆಗಿತ್ತು. ಧ್ವನಿ ತೆಗೆದು ಹಾಕಿದೆ. ಸ್ಟಾಕಿಗೆ ಮಾತು ಬೇಡ.

ಅಪ್‌ಲೋಡ್ ಮಾಡಿದ್ದರಲ್ಲಿ ಅರ್ಧಕ್ಕರ್ಧ ವಾಪಸ್ ಬಂತು. ಒಂದಕ್ಕೆ ನಾಯ್ಸ್, ಅಂದ್ರೆ ಚಿತ್ರ ಕಾಳು ಕಾಳಾಗಿದೆ ಅಂತ ಕಾರಣ. ಇನ್ನೊಂದಕ್ಕೆ ಕಬ್ಬಿಣದ ಕಂಬದ ಮೇಲೆ ಎರಕದಲ್ಲೇ ಮೂಡಿದ್ದ ಕಂಪನಿ ಹೆಸರು, ಟ್ರೇಡ್‌ಮಾರ್ಕ್ ಅಂತೆ. ಆ ಕಂಪನಿ ಈಗ ಇದೆಯೋ ಇಲ್ಲವೋ ಯಾರಿಗೆ ಗೊತ್ತು. ಕಟ್ಟಡದ ಮಾಲೀಕರ ಒಪ್ಪಿಗೆ ಪತ್ರ ಇಲ್ಲದ್ದಕ್ಕೆ ಜಾಹೀರಾತಿಗೆ ಬರಲ್ಲ, ಸುದ್ದಿ, ಲೇಖನಕ್ಕೆ ಮಾತ್ರ ಅಂದ್ರೆ ಎಡಿಟೋರಿಯಲ್ ಅಂತ ಹಾಕಬೇಕು. ಹಾಗೆ ಹಾಕಿದರೆ ಊರು, ದೇಶ, ತಾರೀಕು ಕಡ್ಡಾಯ. ಅದು ನನಗೆ ಖುಷಿಯೇ.

ಕೀವರ್ಡ್, ಅಂದ್ರೆ ಜನ ಹುಡುಕೋ ಪದ, ಐವತ್ತರ ತನಕ ಹಾಕಬಹುದು. ನಾನು ದಾವಣಗೆರೆ, ಹತ್ತಿ, ನೂಲು, ಕಾರ್ಮಿಕ ಅಂತ ಶುರು ಮಾಡಿದ್ದೆ. ಸ್ಟಾಕಿನಲ್ಲಿ ಪಳಗಿದ ಒಬ್ಬರು ನೋಡಿ ನಕ್ಕರು. "ಯಾರು ಹುಡುಕ್ತಾರ್ರೀ ಹಿಂಗೆ? ಪಾಳು, ಖಾಲಿ, ಒಂಟಿತನ, ಭಯ, ಇವು ಮೊದಲು ಬರ್ಲಿ." ಹಾಕಿದೆ. ಮಾರಾಟವಾಗಿದ್ದೂ ಅದೇ, ಖಾಲಿ ಶೆಡ್ಡಿನ ಒಂದು ಫೋಟೋ, ಮೂರು ಸಲ. ಪ್ರತಿ ಸಲಕ್ಕೆ 10 ಸೆಂಟ್. ಒಂದು ಮಿರ್ಚಿಗೂ ಸಾಲಲ್ಲ. ಭಯ ಅಂತ ಹುಡುಕಿದವರು ತಗೊಂಡರೋ ಹತ್ತಿ ಅಂತ ಹುಡುಕಿದವರು ತಗೊಂಡರೋ, ಅದನ್ನು ಸೈಟು ಹೇಳಲ್ಲ.

ನನಗೆ ಇಷ್ಟವಾದ ಕ್ಲಿಪ್ ಬೇರೆ. ಮಾರನೇ ದಿನ ಅಜ್ಜನ ಮನೆ ಜಗಲಿ ಮೇಲೆ ತೆಗೆದದ್ದು. ಅಜ್ಜಿ ಹೂ ಕಟ್ಟೋ ದಾರ ತಂದು ಕಡಿದು, ಎಳೆ ಬಿಚ್ಚಿ, ಅಜ್ಜ ಮತ್ತೆ ಕೂಡಿಸಿ ತೋರಿಸಿದರು. ಹದಿನಾಲ್ಕು ಸೆಕೆಂಡ್. ಬೆರಳು ಒಂದೇ ಒಂದು ಸಲ ಹೊರಳುತ್ತೆ, ಆಮೇಲೆ ಮುಖದಲ್ಲಿ ಆಯ್ತು ಅನ್ನೋ ಒಂದು ಭಾವ, ಮುಗೀತು. ಮುಖ ಕಾಣ್ತಿದ್ದರಿಂದ ಮಾಡೆಲ್ ರಿಲೀಸ್ ಫಾರಂ, ಅಂದ್ರೆ ಅವರ ಒಪ್ಪಿಗೆ ಪತ್ರ ಬೇಕು. ಪ್ರಿಂಟ್ ತಗೊಂಡು ಹೋಗಿ ಕನ್ನಡದಲ್ಲಿ ಓದಿ ಹೇಳಿದೆ. ಜಗತ್ತಿನಲ್ಲಿ ಎಲ್ಲಿ ಬೇಕಾದ್ರೂ, ಎಷ್ಟು ಕಾಲ ಬೇಕಾದ್ರೂ ಬಳಸಬಹುದು ಅನ್ನೋ ಸಾಲಿಗೆ ಬಂದಾಗ ಅಜ್ಜ ತಡೆದರು.

"ಪಿ.ಎಫ್. ಸೆಟ್ಲಮೆಂಟ್ ಕಾಗದ ಅಲ್ಲ ತಾನೆ? ಅದ್ಕ ಹಿಂಗೇ ಸೈನ್ ಮಾಡಿಸ್ಕಂಡಿದ್ರು."

"ಅಲ್ಲಜ್ಜಾ. ವಿಡಿಯೋಕ್ಕೆ ಅಷ್ಟೇ. ಬೇಡ ಅಂದ್ರೆ ಬೇಡ."

ಎದ್ದು ಒಳಗೆ ಹೋಗಿ ಒಂದು ಪ್ಲಾಸ್ಟಿಕ್ ಕವರ್ ತಂದರು. ಯೂನಿಯನ್ ರಶೀದಿ, ಪಗಾರ ಚೀಟಿ, ಎಲ್ಲಾ ಮಡಿಕೆ ಮಡಿಕೆಯಲ್ಲಿ ಹರಿದಿವೆ. ಒಂದು ಚೀಟಿ ಕಣ್ಣ ಹತ್ರ ಹಿಡಿದು ನೋಡಿ, ಫಾರಂ ಮೇಲೆ ಸೈನ್ ಮಾಡಿದರು. ಅದರ ಕೆಳಗೆ ನಾನು ಬೇಡ ಅನ್ನೋದ್ರೊಳಗೆ ತಮ್ಮ ಟಿಕೆಟ್ ನಂಬರ್ ಬರೆದರು. ಮಿಲ್ಲಿನಲ್ಲಿ ಕೆಲಸಗಾರನ ಗುರುತಿನ ನಂಬರ್ ಅದು. ಸಾಕ್ಷಿ ಜಾಗದಲ್ಲಿ ಅಜ್ಜಿಯ ಸೈನು.

ನಾಲ್ಕು ದಿನಕ್ಕೆ ಸೈಟಿನಿಂದ ಉತ್ತರ ಬಂತು. ಫಾರಂನಲ್ಲಿ ಸಂಬಂಧವಿಲ್ಲದ ಬರಹ ಇದೆ, ಹೊಸ ಫಾರಂ ಕಳಿಸಿ. ಹೊಸದನ್ನು ಪ್ರಿಂಟ್ ತೆಗೆದು ಇಟ್ಟುಕೊಂಡಿದ್ದೇನೆ. ಎದುರು ಮನೆಯೇ, ಹತ್ತು ಹೆಜ್ಜೆ. ಇನ್ನೂ ತಗೊಂಡು ಹೋಗಿಲ್ಲ.