ಕ್ರೂಗರ್‌ನಲ್ಲಿ ಹಸಿರು ಕೋಗಿಲೆ ನೋಡಬೇಕಾ? ಮೊದಲು ಗೀಜಗದ ಗೂಡು ಹುಡುಕಿ

ದಕ್ಷಿಣ ಆಫ್ರಿಕಾದ ಕ್ರೂಗರ್ ರಾಷ್ಟ್ರೀಯ ಉದ್ಯಾನಕ್ಕೆ ಹೆಚ್ಚಿನವರು ಹೋಗುವುದು ಸಿಂಹ, ಚಿರತೆ ನೋಡಲು. ನಾವು ಕಳೆದ ಡಿಸೆಂಬರ್‌ನಲ್ಲಿ ಹೋಗಿದ್ದು ಡೀಡ್ರಿಕ್ ಕುಕ್ಕೂ ಎಂಬ ಹಸಿರು ಕೋಗಿಲೆಗಾಗಿ. ಗಾತ್ರ ನಮ್ಮ ಪಿಕಳಾರದಷ್ಟೇ. ಬೆನ್ನಿಗೆ ಮಾತ್ರ ತಾಮ್ರ ಬೆರೆತ ಹಸಿರು ಹೊಳಪು.

ಅಕ್ಟೋಬರ್‌ನಿಂದ ಮಾರ್ಚ್ ಒಳಗೆ ಹೋಗಿ. ಅಲ್ಲಿ ಅದು ಮಳೆಗಾಲ, ಸೆಕೆ ಜಾಸ್ತಿ, ಹುಲ್ಲು ಬೆಳೆದು ಪ್ರಾಣಿಗಳು ಕಮ್ಮಿ ಕಾಣುತ್ತವೆ, ಆದರೂ ಅದೇ ಸರಿಯಾದ ಸಮಯ, ಯಾಕೆಂದರೆ ಅಲ್ಲಿನ ಚಳಿಗಾಲ (ಜೂನ್ ಹೊತ್ತಿಗೆ) ಬರುವಷ್ಟರಲ್ಲಿ ಈ ಹಕ್ಕಿ ಉತ್ತರಕ್ಕೆ ಹೊರಟುಹೋಗಿರುತ್ತದೆ.

ಮೊದಲ ಎರಡು ದಿನ ಸುಮ್ನೆ ಕಾರಿನಲ್ಲಿ ಸುತ್ತಿದೆವು. 'ಡೀ-ಡೀ-ಡೀಡ್ರಿಕ್' ಅಂತ ಕೂಗು ಕೇಳುತ್ತಿತ್ತು, ಅದರ ಹೆಸರೇ ಆ ಕೂಗಿನಿಂದ ಬಂದದ್ದು. ಹಕ್ಕಿ ಕಾಣಲಿಲ್ಲ. ಮೂರನೇ ದಿನ ಸ್ಕುಕುಜಾ ಕ್ಯಾಂಪ್ ಹತ್ತಿರದ ಲೇಕ್ ಪ್ಯಾನಿಕ್ ಕೆರೆಯಲ್ಲಿ, ಹಕ್ಕಿಗಳಿಗೆ ಕಾಣದಂತೆ ಮರೆಯಲ್ಲಿ ಕೂತು ನೋಡುವ ಅಡಗುಕಟ್ಟೆಯಲ್ಲಿ ಕೂತೆವು. ನೀರಿನ ಮೇಲೆ ಬಾಗಿದ ಕೊಂಬೆಗಳಲ್ಲಿ ಗೀಜಗದ ಜಾತಿಯ ಹಳದಿ ಹಕ್ಕಿಗಳ ಗೂಡುಗಳು. ನಮ್ಮ ಕೋಗಿಲೆ ಕಾಗೆ ಗೂಡಿನಲ್ಲಿ ಮೊಟ್ಟೆ ಇಡುತ್ತಲ್ವಾ, ಇದು ಇವುಗಳ ಗೂಡಿನಲ್ಲಿ ಇಡುತ್ತದೆ. ಹುಟ್ಟಿದ ಮರಿ ಕಣ್ಣು ಬಿಡುವ ಮೊದಲೇ ಉಳಿದ ಮೊಟ್ಟೆಗಳನ್ನು ಹೊರಗೆ ತಳ್ಳುತ್ತದೆ. ಹಾಗಾಗಿ ಗೂಡುಗಳಿರುವ ಮರದ ಎದುರು ಕಾಯುವುದೇ ಒಳ್ಳೆಯದು.

ಒಂದು ಗಂಟೆಯಾದ ಮೇಲೆ ಗಂಡು ಬಂತು. ಕೊಕ್ಕಿನಲ್ಲಿ ಒಂದು ಕಂಬಳಿಹುಳ. ಅದನ್ನು ಕೊಂಬೆಗೆ ನಾಲ್ಕು ಸಲ ಬಡಿದು, ಪಕ್ಕದಲ್ಲಿದ್ದ ಹೆಣ್ಣಿನ ಬಾಯಿಗೆ ಇಟ್ಟಿತು! ಅಷ್ಟರಲ್ಲಿ ಗೂಡಿನ ಯಜಮಾನರು ಎರಡನ್ನೂ ಅಟ್ಟಿಸಿಕೊಂಡು ಹೋದರು. ನನ್ನ ಕೈ ನಡುಗುತ್ತಿತ್ತು, ಫೋಟೋ ಸಿಗಲಿಲ್ಲ.

ಹಸಿರು ಬಣ್ಣ ನಂಬಬೇಡಿ, ನೆರಳಿನಲ್ಲಿ ಅದು ಕಪ್ಪಾಗಿಯೇ ಕಾಣುತ್ತದೆ. ಕಣ್ಣು ನೋಡಿ. ಡೀಡ್ರಿಕ್ ಗಂಡಿನ ಕಣ್ಣು ಕೆಂಪು, ರೆಕ್ಕೆಯ ಮೇಲೆ ಬಿಳಿ ಚುಕ್ಕೆಗಳು. ಅದರ ಹತ್ತಿರದ ಬಂಧು ಕ್ಲಾಸ್ ಕುಕ್ಕೂಗೆ ಕಣ್ಣು ಕಂದು, ರೆಕ್ಕೆಯಲ್ಲಿ ಚುಕ್ಕೆ ಇಲ್ಲ, ಕಣ್ಣಿನ ಹಿಂದೆ ಒಂದು ಸಣ್ಣ ಬಿಳಿ ಮಚ್ಚೆ. ಅದು ಮೊಟ್ಟೆ ಇಡುವುದು ಸೂರಕ್ಕಿಯಂಥ ಪುಟ್ಟ ಹಕ್ಕಿಗಳ ಗೂಡಿನಲ್ಲಿ, ಹಾಗಾಗಿ ಕೆರೆಗಿಂತ ಹೂಬಿಟ್ಟ ಮರಗಳ ಕಡೆ ಹುಡುಕಿ.

ಡಿಸೆಂಬರ್‌ನಲ್ಲಿ ಕ್ಯಾಂಪ್ ಗೇಟ್ ಬೆಳಿಗ್ಗೆ 4:30ಕ್ಕೆ ತೆರೆಯುತ್ತದೆ, ಸಂಜೆ 6:30ಕ್ಕೆ ಮುಚ್ಚುತ್ತದೆ. ತಡವಾದರೆ ದಂಡ. ಗೊತ್ತುಪಡಿಸಿದ ಜಾಗ ಬಿಟ್ಟು ಬೇರೆಲ್ಲೂ ಕಾರಿನಿಂದ ಇಳಿಯುವಂತಿಲ್ಲ. ಮಲೇರಿಯಾ ಮಾತ್ರೆಯನ್ನು ಡಾಕ್ಟರ್ ಹತ್ತಿರ ಕೇಳಿ, ಹೊರಡುವ ಮೊದಲೇ ಶುರು ಮಾಡಿ. ನೈರೋಬಿ ಅಥವಾ ಆಡಿಸ್ ಅಬಾಬಾದಲ್ಲಿ ತುಂಬಾ ಹೊತ್ತು ಇಳಿದು ಹೋಗುವವರು ಯೆಲ್ಲೋ ಫೀವರ್ ಲಸಿಕೆಯನ್ನು ಕನಿಷ್ಠ 10 ದಿನ ಮೊದಲು ಹಾಕಿಸಿಕೊಂಡು, ಲಸಿಕೆ ಹಾಕಿಸಿದ್ದಕ್ಕೆ ಕೊಡುವ ಹಳದಿ ಕಾರ್ಡನ್ನು ಪಾಸ್‌ಪೋರ್ಟ್ ಜೊತೆಗೇ ಇಟ್ಟುಕೊಳ್ಳಿ.