ಹಡಗಿನ ಬಾರಿನ ಅಳತೆ

ಕ್ರೂಸ್ ಹಡಗಿನಲ್ಲಿ ಡ್ರಿಂಕ್ಸ್‌ಗೆ ನೀರು ಬೆರೆಸಿ ಕೊಡುತ್ತಾರೆ ಅನ್ನುವ ಮಾತು ನಮ್ಮ ಕುಂಬಳೆ ಕಡೆ ಆಗಾಗ ಕೇಳಿಬರುತ್ತದೆ. ಉದುಮ, ಬೇಕಲ ಕಡೆ ಹಡಗಿನ ಕೆಲಸದವರು ಬಹಳ ಜನ ಇದ್ದಾರಲ್ಲ. ಅಂಥ ಬಾರಿನಲ್ಲೇ ಕೆಲಸ ಮಾಡುವ ನೆರೆಮನೆಯ ಹುಡುಗ ರಜೆಯಲ್ಲಿ ಬಂದವನು ಮೊನ್ನೆ ಜಿಗ್ಗರ್‌ನಲ್ಲಿ, ಅಂದರೆ ಬಾರಿನವರು ಮದ್ಯ ಅಳೆಯುವ ಪುಟ್ಟ ಬಟ್ಟಲಿನಲ್ಲಿ, ನೀರು ಅಳೆದು ನಮ್ಮ ಪೆಗ್ ಗ್ಲಾಸಿಗೆ ಸುರಿದು ತೋರಿಸಿದ. ಲಾರ್ಜಿನ ಗೆರೆಗಿಂತ ಚೆನ್ನಾಗಿಯೇ ಕೆಳಗೆ ನಿಂತಿತು. ಅಮೆರಿಕದ ಲೆಕ್ಕದಲ್ಲಿ ಒಂದು ಶಾಟ್ ಅಂದರೆ ಒಂದೂವರೆ ಔನ್ಸ್, ಸುಮಾರು 44 ಮಿ.ಲೀ. ನಮ್ಮ ಲಾರ್ಜ್ 60. ಲಾರ್ಜಿಗೆ ಒಗ್ಗಿದ ನಾಲಿಗೆಗೆ ಅದು ಸಪ್ಪೆ ಅನಿಸುವುದು ಸಹಜ.

ನನಗೆ ಭಯ ಸಪ್ಪೆಯದ್ದಲ್ಲ, ಸಿಹಿಯದ್ದು. ಪಿನಾ ಕೊಲಾಡಾದಲ್ಲಿ ಅನಾನಸು, ತೆಂಗಿನ ಕೆನೆ, ಐಸ್ ಸೇರಿ ರಮ್ಮಿನ ಖಾರವೇ ಅಡಗಿಬಿಡುತ್ತದೆ. ಲಾಂಗ್ ಐಲೆಂಡ್ ಐಸ್ಡ್ ಟೀಯಲ್ಲಂತೂ ವೋಡ್ಕಾ, ಜಿನ್, ರಮ್, ಟಕೀಲಾ, ಮೇಲೆ ಕಿತ್ತಳೆ ಲಿಕ್ಯೂರ್. ಚಹಾದ್ದು ಬಣ್ಣ ಮಾತ್ರ. ಜೊತೆಗೆ ಡೆಕ್ಕಿನ ಬಿಸಿಲು, ಖಾಲಿ ಹೊಟ್ಟೆ, ಮುಂಚೆಯೇ ದುಡ್ಡು ಕಟ್ಟಿದ ಡ್ರಿಂಕ್ಸ್ ಪ್ಯಾಕೇಜು.

ಸುರಕ್ಷತೆಯ ಹೊಣೆ ಹೊತ್ತ ಸಿಬ್ಬಂದಿಯ ರಕ್ತದಲ್ಲಿ ಆಲ್ಕೋಹಾಲ್ ಶೇ. 0.05 ಮೀರಬಾರದು ಎಂದು ನಾವಿಕರ ತರಬೇತಿಯ ಅಂತರರಾಷ್ಟ್ರೀಯ ಒಪ್ಪಂದಕ್ಕೆ (STCW) ಆದ 2010ರ ಮನಿಲಾ ತಿದ್ದುಪಡಿ ಹೇಳುತ್ತದೆ. ಪ್ರಯಾಣಿಕನಿಗೆ ಆ ಮಿತಿ ಇಲ್ಲ. ಆದರೆ ನಡುರಾತ್ರಿ ಅಲಾರಂ ಹೊಡೆದರೆ ಲೈಫ್ ಜಾಕೆಟ್ ಕಟ್ಟಿಕೊಂಡು, ಮಕ್ಕಳ ಕೈಹಿಡಿದು ಮಸ್ಟರ್ ಸ್ಟೇಷನ್, ಅಂದರೆ ಅಪಾಯದ ಹೊತ್ತಿನಲ್ಲಿ ಎಲ್ಲರೂ ಸೇರಬೇಕಾದ ಜಾಗ, ತಲುಪಬೇಕಾದವನು ಅವನೇ. ಕೊಚ್ಚಿಯಿಂದಲೋ ಮುಂಬೈಯಿಂದಲೋ ಹಡಗು ಹತ್ತುವ ಗೆಳೆಯರೇ, ಗ್ಲಾಸಿನಲ್ಲಿ ಏನೇನಿದೆ, ಎಷ್ಟು ಮಿ.ಲೀ. ಅಂತ ಸಂಕೋಚವಿಲ್ಲದೆ ಕೇಳಿ.